ಅಪ್ಪನ ಟ್ರಂಕುಗಳು ಹೊರಟ ದಿನ

ಫೋನಿನೊಳಗೆ ಒಬ್ಬ ಹೆಣ್ಣುಮಗಳು ಇದ್ದಾಳಲ್ಲ, ಅವಳ ಪರಿಚಯ ನಿಮಗೂ ಇದ್ದೇ ಇರುತ್ತದೆ. ನಾವು ಯಾರಿಗೋ ಫೋನು ಹಚ್ಚಿರುತ್ತೇವೆ. ಅವರ ಬದಲು ಇವಳು ಬಂದು, ನೀವು ಕರೆ ಮಾಡಿದ ವ್ಯಕ್ತಿ ಸಂಪರ್ಕ ಕ್ಷೇತ್ರದ ಹೊರಗಿದ್ದಾರೆ ಎನ್ನುತ್ತಾಳೆ. ನಮ್ಮ ನಾಗಪುರದಲ್ಲಿ ಮೊದಲು ಮರಾಠಿಯಲ್ಲಿ ಹೇಳಿ, ಅರ್ಥವಾಗದವರು ಯಾರಾದರೂ ಉಳಿದಿದ್ದರೆ ಇರಲಿ ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳುತ್ತಾಳೆ. ಎಂಥ ಸಮಾಧಾನ ಅವಳ ದನಿಯಲ್ಲಿ! ಆದರೆ ಆ ದನಿ ಕೇಳಿದರೆ ನನಗೆ ಕೆಟ್ಟದ್ದೇ ಹೊಳೆಯುತ್ತದೆ. ಹೋದ ತಿಂಗಳು ಗೋಕುಳಪೇಠ ಬಜಾರಿನಲ್ಲಿ ನಿಂತು ಗಂಡನಿಗೆ ಫೋನು ಹಚ್ಚಿದೆ. ಇವಳು ಬಂದಳು. ನಾನು ಎಲೆಕೋಸಿನ ಚೀಲದ ಮೇಲೆ ಕುಸಿದು ಕೂತೆ. ಅಂಗಡಿಯವಳು "ಕಾಯ ಝಾಲಂ ತಾಈ?" ಏನಾಯಿತು ಅಕ್ಕಾ, ಎನ್ನುತ್ತ ನೀರಿನ ಬಾಟಲಿ ಕೈಗಿಟ್ಟಳು. ಗಂಡ ಆ ಹೊತ್ತಿಗೆ ಧರಮಪೇಠದ ನಮ್ಮ ಮನೆಯಲ್ಲೇ ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದ. ಫೋನಿನ ಚಾರ್ಜು ಮುಗಿದಿತ್ತು, ಅಷ್ಟೇ.

ನಗಬೇಡಿ. ಅಂಜಿಕೆ ನನಗೆ ತವರಿನಿಂದ ಬಂದ ಬಳುವಳಿ. ಕೆಲವರಿಗೆ ಹೊಲ ಬರುತ್ತದೆ, ಕೆಲವರಿಗೆ ಬಂಗಾರ. ನನಗೆ ಇದು ಬಂತು.

ನಮ್ಮಪ್ಪ ಸಮುದ್ರದಂಡೆಯ ರಾಕೆಟ್ ಉಡಾವಣೆ ಕೇಂದ್ರವೊಂದರಲ್ಲಿ ವಿಜ್ಞಾನಿಯಾಗಿದ್ದ. ಹೀಗೆಂದ ಕೂಡಲೇ ಎದುರಿನವರ ಮುಖ ಅರಳುತ್ತದೆ. ಚಂದ್ರ, ಮಂಗಳ ಎಂದು ಕೇಳತೊಡಗುತ್ತಾರೆ. ಅಪ್ಪನ ಕೆಲಸ ಅದಲ್ಲ. ರಾಕೆಟ್ಟು ದಾರಿ ತಪ್ಪಿದರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಮೇಲಿನ ಗಾಳಿ ಯಾವ ಕಡೆ ಬೀಸುತ್ತಿದೆ, ಕೆಳಗಿನ ನೀರಿನಲ್ಲಿ ಮೀನುಗಾರರ ದೋಣಿ ಇದೆಯೇ, ಎಲ್ಲ ನೋಡಬೇಕು. ರಾಕೆಟ್ಟು ಹೊರಟ ಮೇಲೆ ಅವನ ಮುಂದಿನ ಪರದೆಯ ಮೇಲೆ ಒಂದು ಚುಕ್ಕೆ ಓಡುತ್ತಿತ್ತಂತೆ. ಈ ಕ್ಷಣ ಎಂಜಿನ್ನು ನಿಂತುಬಿಟ್ಟರೆ ಅದು ಎಲ್ಲಿ ಬೀಳುತ್ತದೆ ಎಂದು ಆ ಚುಕ್ಕೆ ತೋರಿಸುತ್ತದೆ. ಚುಕ್ಕೆಯು ಪರದೆಯ ಮೇಲೆ ಎಳೆದಿಟ್ಟ ಗೆರೆ ದಾಟಿ ಊರಿನ ಕಡೆ ತಿರುಗಿತೋ, ಅಪ್ಪ ಗುಂಡಿ ಒತ್ತಿ ರಾಕೆಟ್ಟನ್ನು ಆಕಾಶದಲ್ಲೇ ಒಡೆಯಬೇಕು. ನೂರಾರು ಜನ ವರ್ಷಗಟ್ಟಲೆ ಕೂಡಿ ಕಟ್ಟಿದ್ದನ್ನು ಒಬ್ಬನೇ ಒಂದು ಬೆರಳಿನಿಂದ ಮುಗಿಸಬೇಕು.

ಉಡಾವಣೆಯ ದಿನ ನಮ್ಮ ಕ್ವಾರ್ಟರ್ಸಿನಲ್ಲಿ ಅವ್ವ ಒಗ್ಗರಣೆ ಹಾಕುತ್ತಿರಲಿಲ್ಲ. ಸಾಸಿವೆ ಸಿಡಿಯುವ ಸಪ್ಪಳ ಅವಳಿಗೆ ಆಗುತ್ತಿರಲಿಲ್ಲ. ಅಕ್ಕಪಕ್ಕದವರೆಲ್ಲ ಮಾಳಿಗೆ ಹತ್ತಿ ಚಪ್ಪಾಳೆ ತಟ್ಟುತ್ತಿದ್ದರೆ ಅವಳು ದೇವರ ಮುಂದೆ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಕಪಾಟಿನ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಆ ಗುಡುಗು ಕಿವಿಗಿಂತ ಮೊದಲು ಎದೆಗೆ ಕೇಳಿಸುತ್ತಿತ್ತು. ಸಂಜೆ ಉಳಿದ ಮನೆಗಳ ಗಂಡಸರು ಪೇಢೆಯ ಡಬ್ಬಿ ಹಿಡಿದು ಬರುತ್ತಿದ್ದರು. ಅಪ್ಪ ಬರಿಗೈಲಿ ಬಂದು, ಚಪ್ಪಲಿ ಬಿಟ್ಟು, "ಏನೂ ಆಗಲಿಲ್ಲ" ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಅದಕ್ಕಿಂತ ಸಿಹಿ ಸುದ್ದಿ ಇರಲಿಲ್ಲ.

ಇಂಥವನು ಮನೆಯಲ್ಲಿ ಸುಮ್ಮನಿರುತ್ತಾನೆಯೇ? ತೆಂಗಿನಮರದ ಕೆಳಗೆ ನಡೆಯುವಂತಿಲ್ಲ. ಮಾಳಿಗೆಯ ಕಟ್ಟೆಯ ಮೇಲೆ ಹೂವಿನ ಕುಂಡ ಇಡುವಂತಿಲ್ಲ. ಅವ್ವ ತೀರಿದ ಮೇಲೆ ಅಪ್ಪ ನಾಗಪುರಕ್ಕೆ ನಮ್ಮ ಜೊತೆ ಇರಲು ಬಂದ. ಅಂದಿನಿಂದ ಸಂಕ್ರಾಂತಿಯ ಸುತ್ತಮುತ್ತ ನಾವು ಕುತ್ತಿಗೆಗೆ ದಪ್ಪ ಮಫ್ಲರ್ ಸುತ್ತದೆ ಸ್ಕೂಟರ್ ಹತ್ತುವ ಹಾಗಿಲ್ಲ. ಇಲ್ಲಿ ಗಾಳಿಪಟದ ನೈಲಾನ್ ಮಾಂಜಾ ದಾರ ಗಂಟಲು ಕೊಯ್ದ ಸುದ್ದಿ ಪ್ರತಿ ವರ್ಷ ಪೇಪರಿನಲ್ಲಿ ಬರುತ್ತದೆ. ಅಪ್ಪನ ಅಂಜಿಕೆಗೆ ಹೀಗೆ ಒಂದು ಆಧಾರ, ಒಂದು ಲೆಕ್ಕ ಇರುತ್ತಿತ್ತು. ನನಗೆ ಬಂದದ್ದು ಲೆಕ್ಕವಿಲ್ಲದ ಬರೀ ಅಂಜಿಕೆ. ಸದರ್ ಬಡಾವಣೆಯ ಬ್ಯಾಂಕಿನಲ್ಲಿ ಕೆಲಸ ಮಾಡುವಾಗ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಹೋದವಳು ನಾನು. ಒಮ್ಮೆ ಹಾಗೆ ಹೋಗಿ ನೋಡಿದರೆ ಬೀಗ ಸರಿಯಾಗಿಯೇ ಇತ್ತು, ನನ್ನ ಕೈಚೀಲ ಮಾತ್ರ ಒಳಗಿತ್ತು.

ಅಪ್ಪ ಬರುವಾಗ ಏಳು ಟ್ರಂಕು ಕಾಗದ ತಂದಿದ್ದ. ಅವನ್ನು ಪಡಸಾಲೆಯ ಗೋಡೆಗುಂಟ ಇಟ್ಟು, ಮೇಲೆ ಸೋಲಾಪುರ ಚಾದರ ಹೊದಿಸಿ ಕೂರಲು ಬಳಸುತ್ತಿದ್ದೆವು. ಎರಡು ವರ್ಷದ ಹಿಂದೆ ಬೆಂಗಳೂರಿನ ಸಂಸ್ಥೆಯೊಂದು ಹಳೆಯ ವಿಜ್ಞಾನಿಗಳ ಕಾಗದಪತ್ರಗಳನ್ನು ಕೂಡಿಸಿಡುತ್ತಿದ್ದೇವೆ, ನಿಮ್ಮವನ್ನೂ ಕೊಡಿ ಎಂದು ಕೇಳಿತು. ಕೆಲಸದವು, ಮನೆಯವು, ಎಲ್ಲವೂ ಬೇಕಂತೆ. ಆ ವರ್ಷ ಮಳೆಗಾಲ ಶುರುವಾದ ಮೇಲೆ ಅವನ್ನು ವಿಂಗಡಿಸಲು ನಯನಾ ಎಂಬ ಹುಡುಗಿ ಬಂದಳು. ಮಂಡ್ಯದ ಕಡೆಯವಳು, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಕೈಗೆ ಬಿಳಿ ಗವಸು ಹಾಕಿ, ಮೆತ್ತನೆಯ ಕುಂಚದಿಂದ ಒಂದೊಂದೇ ಹಾಳೆಯ ಧೂಳು ಒರೆಸುವುದನ್ನು ನೋಡಿದರೆ ಹಸುಗೂಸಿಗೆ ಎರೆಯುತ್ತಿದ್ದಾಳೆ ಅನ್ನಿಸುತ್ತಿತ್ತು.

ಕೆಲಸದ ಕಾಗದ ಒಂದು ಕಡೆ, ಸ್ವಂತದ ಕಾಗದ ಇನ್ನೊಂದು ಕಡೆ ಎಂಬುದು ಅವಳ ನಿಯಮ. ಅಪ್ಪನ ಕಾಗದಗಳು ಆ ನಿಯಮಕ್ಕೆ ಬಗ್ಗಲಿಲ್ಲ. ಅವನಿಗೆ ಹಾಳೆಯ ಒಂದೇ ಮಗ್ಗುಲು ಬರೆದು ಬಿಡುವುದೆಂದರೆ ಪಾಪ. ಅವ್ವನ ಧೋಬಿ ಚೀಟಿಯ ಬೆನ್ನಿಗೆ ಗಾಳಿಯ ವೇಗದ ಲೆಕ್ಕ. ದವಾಖಾನೆಯ ಚೀಟಿಯ ಹಿಂದೆ ರಾಕೆಟ್ಟಿನ ದಾರಿ.

"ಮೇಡಂ, ಇದನ್ನ ಯಾವ ಕಡೆ ಇಡಲಿ?" ಎಂದು ನಯನಾ ಒಂದು ಹಾಳೆ ಎತ್ತಿ ತೋರಿಸಿದಳು. ನಾನು ಏಳನೆಯ ಇಯತ್ತೆಯ ಗಣಿತದಲ್ಲಿ ನಪಾಸಾದ ಅಂಕಪಟ್ಟಿ ಅದು. ಹಿಂದೆ ಪೆನ್ಸಿಲಿನಲ್ಲಿ ಅಪ್ಪನ ಸಮೀಕರಣಗಳು.

"ಕೆಲಸದ ಕಡೆ ಇಡು. ಮುಖ ಕೆಳಗ ಮಾಡಿ ಇಡು," ಎಂದೆ.

ಅಪ್ಪ ನಕ್ಕ. ಆ ಹುಡುಗಿ ಬಂದ ಮೇಲೆ ಅವನು ಬಹಳ ನಗುತ್ತಿದ್ದ. ಅವಳಿಗೆ ಅವನು "ತಂಗೀ" ಅನ್ನುತ್ತಿದ್ದ, ಅವನಿಗೆ ಅವಳು "ಸಾರ್". ಧಾರವಾಡದವನಾದ ಅಪ್ಪನ ಕನ್ನಡ ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅವಳ ಮಂಡ್ಯದ ವೇಗ ಇವನ ಕಿವಿಗೆ ಸಿಗುತ್ತಿರಲಿಲ್ಲ. ಇಬ್ಬರೂ ಪ್ರತಿ ಮಾತನ್ನು ಎರಡೆರಡು ಸಲ ಆಡಿಕೊಂಡು ಸುಖವಾಗಿದ್ದರು.

ವಿಂಗಡಣೆ ಮುಗಿಯಿತು. ಟ್ರಂಕುಗಳನ್ನು ಟೆಂಪೋದಲ್ಲಿ ಹೈದರಾಬಾದಿನವರೆಗೆ ಒಯ್ಯುವುದು, ಅಲ್ಲಿಂದ ಸಂಸ್ಥೆಯ ಗಾಡಿ ಎಂದು ನಿಶ್ಚಯವಾಯಿತು. ಟೆಂಪೋ ಗಜೂಭಾವುನದು, ನಮ್ಮ ಮನೆಯ ಸಾಮಾನು ಸಾಗಿಸಿದ ಹಳೆಯ ಪರಿಚಯದವನು. ಕಾಗದವನ್ನು ಒಂಟಿಯಾಗಿ ಬಿಡುವಂತಿಲ್ಲವೆಂದು ನಯನಾ ತಾನೂ ಅದರಲ್ಲೇ ಹೊರಟಳು.

ಆ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ನಿಂತು ತೆಂಕಣ ಆಕಾಶವನ್ನೇ ನೋಡುತ್ತಿದ್ದ. ಟೆಂಪೋಕ್ಕೆ ಹಗ್ಗ ಬಿಗಿದಾದ ಮೇಲೆ, "ಇವತ್ತ ಬ್ಯಾಡ," ಅಂದ.

"ಯಾಕ್ರಿ ಮಾಮಾ?" ನನ್ನ ಗಂಡ ವಸಂತ ಕೇಳಿದ.

"ದಾರಿ ಮುಂದ, ಯವತಮಾಳ ಕಡೆ, ನಿನ್ನೆ ಇಡೀ ದಿನ ಮಳಿ ಆಗೇತಿ. ಮೋಡ ಹಂಗ ನಿಂತೇತಿ. ನಾಳೆ ಹೋದ್ರಾತು."

"ಮಾಮಾ, ಇದು ರಾಕೆಟ್ ಅಲ್ರಿ, ಟೆಂಪೋ ಐತಿ," ಅಂದ ವಸಂತ.

ಎಲ್ಲರೂ ನಕ್ಕೆವು. ನಯನಾ ನಕ್ಕಳು, ನಾನೂ ನಕ್ಕೆ. ಗಜೂಭಾವು ಸ್ಟಿಯರಿಂಗಿಗೆ ನಮಸ್ಕಾರ ಮಾಡಿ, "ಟೆನ್ಶನ್ ನಕಾ ಘೇವೂ ಆಜೋಬಾ," ಚಿಂತೆ ಬೇಡ ಅಜ್ಜಾ, ಎಂದು ಧೈರ್ಯ ಹೇಳಿದ. ಅಪ್ಪ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ದೊಡ್ಡ ದೊಡ್ಡ ಅಧಿಕಾರಿಗಳು ಕಾದು ಕೂತಾಗಲೂ ಗಾಳಿ ಸರಿಯಿಲ್ಲ ಎಂದು ಉಡಾವಣೆ ನಿಲ್ಲಿಸಿದವನು, ನಮ್ಮ ನಗುವಿನ ಮುಂದೆ ಸೋತ. "ಆತು, ಹೋಗ್ರಿ," ಎಂದು ಒಳಗೆ ಹೋದ.

ಹಿಂಗಣಘಾಟಿನಿಂದ ನಯನಾ ಫೋನು ಮಾಡಿದಳು. ಖಾರದ ರಸ ಸುರಿದ ಅವಲಕ್ಕಿ, ತರ್ರಿ ಪೋಹೆ ತಿಂದೆವು, ಮೂಗಿನಲ್ಲಿ ನೀರು ಬಂತು, ಇಲ್ಲಿ ಜಿಟಿಜಿಟಿ ಅಷ್ಟೇ ಅಂದಳು. ಅದಾದ ಮೇಲೆ ನಮ್ಮ ಮೇಲೆಯೇ ಮಳೆ ಕಟ್ಟಿಕೊಂಡು ಬಂತು. ಎದುರುಮನೆ ಕಾಣದಂಥ ಮಳೆ. ಊಟಕ್ಕೆ ಕೂರುವ ಮೊದಲು ಅವಳಿಗೆ ಫೋನು ಹಚ್ಚಿದೆ. ಸಂಪರ್ಕ ಕ್ಷೇತ್ರದ ಹೊರಗೆ. ಗಜೂಭಾವುಗೆ ಹಚ್ಚಿದೆ. ಅವನೂ ಹೊರಗೆ. ಮತ್ತೆ ಅವಳಿಗೆ, ಮತ್ತೆ ಇವನಿಗೆ. ತಾಟಿನಲ್ಲಿ ಚಪಾತಿ ಒಣಗಿತು.

ವಸಂತ ಟೀವಿ ಹಾಕಿದ. ಮರಾಠಿ ಚಾನೆಲ್ಲಿನಲ್ಲಿ ಕೆಂಪು ನೀರು ಹೆದ್ದಾರಿಯ ಮೇಲೆ ಹರಿಯುತ್ತಿತ್ತು. ನಿಂತ ಲಾರಿಗಳ ಸಾಲು. ಆಮೇಲೆ ಯಾರೋ ಮೊಬೈಲಿನಲ್ಲಿ ಹಿಡಿದ ನಡುಗುವ ಚಿತ್ರ: ಒಂದು ಸಣ್ಣ ಗಾಡಿ ಮಗ್ಗುಲಾಗಿ ನೀರಿನಲ್ಲಿ ತಿರುಗುತ್ತ ಹೋಗುತ್ತಿತ್ತು. ಮೇಲೆ ತಾಡಪತ್ರಿ.

"ಗಜೂನ ತಾಡಪತ್ರಿ ನೀಲಿ ಇತ್ತು," ಅಂದೆ.

"ಇದು ಹಸಿರು ಐತಿ," ಅಂದ ವಸಂತ.

"ನೀಲಿ ಐತಲ್ರಿ."

"ಹಸಿರು. ಬರೋಬರ್ ನೋಡು, ಹಸಿರು." ಅವನ ದನಿ ಗದರಿಸಿದಂತಿತ್ತು. ಅದೇ ಚಿತ್ರವನ್ನು ಮತ್ತೆ ಮತ್ತೆ ತೋರಿಸಿದರು. ಪ್ರತಿ ಸಲ ಅದು ನನಗೆ ನೀಲಿಯಾಗಿ, ಅವನಿಗೆ ಹಸಿರಾಗಿ ಕಂಡಿತು. ಕೊನೆಗೆ ಅವನೇ ಟೀವಿಯ ದನಿ ಇಳಿಸಿದ.

ಅಪ್ಪ ಟೀವಿಯ ಕಡೆ ತಿರುಗಲಿಲ್ಲ. ಊಟದ ಟೇಬಲ್ಲಿನ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಹಾಕಿ ಒಂದು ಗೆರೆ ಎಳೆದ, ಅದು ರಸ್ತೆ. ಅದಕ್ಕೆ ಅಡ್ಡಡ್ಡ ಸಣ್ಣ ಗೆರೆಗಳು; ಅವು ಹಳ್ಳಗಳು. ಹಿಂಗಣಘಾಟ್ ಬಿಟ್ಟದ್ದು ಎಷ್ಟು ಹೊತ್ತಿಗೆ, ಗಜೂ ಎಷ್ಟು ಜೋರು ಓಡಿಸುತ್ತಾನೆ, ಹೆದ್ದಾರಿ ಮುಚ್ಚಿದರೆ ಒಳದಾರಿ ಹಿಡಿಯುವ ಸ್ವಭಾವದವನೋ ಕಾಯುವವನೋ ಎಂದು ನನ್ನನ್ನು ಕೇಳಿದ.

"ಜಲ್ದಿ ಮಾಡೋ ಮನಷ್ಯಾ, ಅಪ್ಪಾ," ಅಂದೆ.

"ಹಂಗಾದ್ರ ಒಳದಾರಿ ಹಿಡದಾನ," ಎಂದು ಪೆನ್ಸಿಲ್ಲಿನಿಂದ ಒಂದು ಕಡೆ ಸುತ್ತು ಹಾಕಿದ. "ಈ ನಾಲ್ಕೈದು ಹಳ್ಳಿ ಒಳಗ ಕೇಳಬೇಕು. ಪೊಲೀಸರಿಗೆ ಹಚ್ಚು. ಗಾಡಿ ಎಲ್ಲೈತಿ ಅಂತ ಕೇಳಬ್ಯಾಡ. ಒಂದ ಹುಡುಗಿ, ಒಬ್ಬ ಡ್ರೈವರ್, ಎಲ್ಲರ ಆಸರ ತಗೊಂಡಾರೇನು ಅಂತ ಕೇಳು."

ನಾನು ಮರಾಠಿಯಲ್ಲಿ ಕೇಳುತ್ತ ಹೋದೆ. ಠಾಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಸರು ಬರೆದುಕೊಳ್ಳುತ್ತೇವೆ ಎಂದರು. ಇಬ್ಬರ ಹೆಸರೂ ಬರೆಸಿದೆ. ಹೀಗೆ ಹೆಸರು ಬರೆಸುವುದು ಯಾವಾಗ ಎಂದು ನಮಗೆಲ್ಲ ಗೊತ್ತಿರುತ್ತದಲ್ಲ.

ಇಳಿಮಧ್ಯಾಹ್ನ ನನ್ನ ಫೋನು ಬಡಿಯಿತು. ಗೊತ್ತಿಲ್ಲದ ನಂಬರು. ಅವಳೇ ಎಂದು ಎತ್ತಿದೆ. ಅವಳ ತಾಯಿ.

"ಅಕ್ಕಾ, ನಾನು ನಯನಾ ಅಮ್ಮ. ಬೆಳಿಗ್ಗೆ ಎದ್ದಾಗ ಒಂದ್ಸಲ ಮಾತಾಡಿದ್ದು ಕಣಕ್ಕ, ಅಷ್ಟೇ. ಫೋನು ಹೋಗ್ತಾನೇ ಇಲ್ಲ. ಹೊರಟ್ಲಾ? ಅಲ್ಲೇ ಇದಾಳಾ?"

ಅಲ್ಲೇ ಇದಾಳಾ ಎಂಬ ಮಾತಿನಲ್ಲಿ ಎಷ್ಟು ಆಸೆ ಇತ್ತು! ನೆಟ್‌ವರ್ಕ್ ಇಲ್ಲ, ಏನೂ ಚಿಂತೆ ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅಪ್ಪ ಎದ್ದು ಬಂದು ಫೋನು ಇಸಿದುಕೊಂಡ. ಅವನ ಧಾರವಾಡದ ಮಾತು ಆಕೆಗೆ ತಿಳಿಯಲೆಂದು ಒಂದೊಂದೇ ಶಬ್ದ ಬಿಡಿಸಿ ಹೇಳಿದ.

"ತಾಯೀ, ನಾನು ಆ ಕಾಗದದ ಮುದುಕ. ನಿಮ್ಮ ಮಗಳು ಮುಂಜಾನೆ ಹೊರಟಾಳ. ದಾರಿ ಮ್ಯಾಲೆ ನೀರು ಬಂದೈತಿ. ಅವಳು ಎಲ್ಲಿದ್ದಾಳ ಅಂತ ನಮಗ ಈಗ ಗೊತ್ತಿಲ್ಲ. ಹುಡುಕಾಕ ಹತ್ತೀವಿ. ನಮಗೂ ಅಂಜಿಕಿ ಆಗೇತಿ. ಸುಳ್ಳು ಹೇಳೂದಿಲ್ಲ. ಗೊತ್ತಾದ ಕೂಡಲೇ ಮೊದಲ ಫೋನು ನಿಮಗ."

ಅಪ್ಪ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಆ ಕಡೆಯ ಕುಕ್ಕರಿನ ಸೀಟಿ, ಯಾರೋ ಮಕ್ಕಳ ಸದ್ದು ನನಗೂ ಕೇಳುತ್ತಿತ್ತು. ಕೊನೆಗೆ ಆಕೆ ಏನೋ ಅಂದಳು, ಅಪ್ಪ "ಹೂಂ ತಾಯಿ" ಎಂದು ಇಟ್ಟ.

"ಏನಂದ್ಲು?" ಕೇಳಿದೆ.

"ನಿಜ ಹೇಳಿದ್ರಲ್ಲ ಸಾರ್, ನಾನು ಒಲೆ ಆರಿಸಿ ಕೂತ್ಕೋತೀನಿ ಅಂದ್ಲು."

ಅಪ್ಪ ಕುರ್ಚಿಗೆ ಹೋಗಿ ಕೂತ. ಒಮ್ಮೆ ಕೂಡ "ನಾ ಹೇಳಿದ್ದೆ" ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ವಸಂತ ಅಡಿಗೆಮನೆಯ ಕಿಟಕಿಗೆ ಹಣೆ ಹಚ್ಚಿ ನಿಂತುಬಿಟ್ಟಿದ್ದ. ನಾನು ನನಗೆ ಬರುವ ಸ್ತೋತ್ರಗಳನ್ನೆಲ್ಲ ಅರ್ಧರ್ಧ ಹೇಳಿದೆ. ಯಾವುದೂ ಮುಂದೆ ಹೋಗಲಿಲ್ಲ. ಪಡಸಾಲೆಯ ಗೋಡೆಗುಂಟ ಟ್ರಂಕು ಇದ್ದ ಜಾಗದಲ್ಲಿ ಗಚ್ಚಿನ ಬಣ್ಣ ಬೇರೆಯಾಗಿತ್ತು. ಅದರ ಕಡೆ ನೋಡಲೂ ಅಂಜಿಕೆ.

ಬೆಳಕು ಇನ್ನೂ ಇತ್ತು. ಮಳೆ ನಿಂತು ಗಟಾರದ ಸದ್ದಷ್ಟೇ ಉಳಿದಿತ್ತು. ಮತ್ತೊಂದು ಗೊತ್ತಿಲ್ಲದ ನಂಬರು. ಎತ್ತುವ ಧೈರ್ಯ ನನಗಾಗಲಿಲ್ಲ, ಅಪ್ಪನೇ ಎತ್ತಿ ಸ್ಪೀಕರಿಗೆ ಹಾಕಿದ.

"ಸಾರ್! ನಾನು ಸಾರ್, ನಯನಾ!" ಅವಳು ಕೂಗುತ್ತಿದ್ದಳು. ಒಂದೇ ಉಸಿರಿನಲ್ಲಿ ಹೇಳಿದಳು. ಪೊಲೀಸರು ಹೆದ್ದಾರಿ ಮುಚ್ಚಿದ್ದರಂತೆ. ಗಜೂಭಾವು ಒಳದಾರಿ ಹಿಡಿದನಂತೆ. ಹಳ್ಳದ ಮೇಲಿನ ತಗ್ಗು ಸೇತುವೆಯ ನಡುವೆ ಎಂಜಿನ್ನು ನಿಂತಿತು. ಇಬ್ಬರೂ ಇಳಿದು ದಡ ಸೇರಿದರು. "ಆದ್ರೆ ನಾನು ಬಿಡಲಿಲ್ಲ ಸಾರ್! ಹಗ್ಗ ಹಿಡ್ಕೊಂಡು ವಾಪಸ್ ಹೋದ್ವಿ. ಸೊಂಟದ ತನಕ ನೀರು. ಮೂರು ಟ್ರಂಕು ತಂದ್ವಿ. ಇನ್ನೊಂದಕ್ಕೆ ಹೋಗೋಷ್ಟರಲ್ಲಿ ಗಾಡಿ ಉರುಳ್ತು. ಮೂರು ಉಳಿಸಿದೀನಿ ಸಾರ್!"

ನಾನು ಮತ್ತು ವಸಂತ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಅಪ್ಪನ ಮುಖ ನೋಡಿದರೆ ಕಪ್ಪಾಗಿತ್ತು.

"ಯಾರ ಹೇಳಿದ್ರು ನಿನಗ ನೀರಿಗೆ ಇಳಿ ಅಂತ?" ಎಂದು ಚೀರಿದ. ಐವತ್ತೆಂಟು ವರ್ಷದಲ್ಲಿ ನಾನು ಕೇಳದ ದನಿ. "ದಂಡಿಗೆ ಬಂದಿದ್ರಲ್ಲ! ಮತ್ಯಾಕ ಹೋದ್ರಿ? ನನ್ನ ಕಾಗದ ಏನ್ ದೇವ್ರೇನು? ರದ್ದಿ ಅದು, ರದ್ದಿ! ನಿನಗ ಏನರ ಆಗಿದ್ರ? ಆ ಹುಡುಗ ಗಜೂಗ ಏನರ ಆಗಿದ್ರ? ಜೀವಮಾನ ಪೂರಾ ನಾ ಯಾರ ಮ್ಯಾಲೂ ಒಂದ ಮೊಳಿ ಬೀಳಗೊಡಲಿಲ್ಲ. ಈಗ ನನ್ನ ಕಾಗದಕ್ಕ ನೀ…"

ಅತ್ತ ನಯನಾಳ ಉಸಿರು ಕೇಳುತ್ತಿತ್ತು. ಆಮೇಲೆ ಅವಳು ಅಳತೊಡಗಿದಳು. ಅಲ್ಲಿಯತನಕ ಅವಳಿಗೆ ಅಂಜಿಕೆ ಮುಟ್ಟಿಯೇ ಇರಲಿಲ್ಲ ಎಂದು ಕಾಣುತ್ತದೆ.

"ಅಳಬ್ಯಾಡ ತಂಗಿ," ಅಂದ ಅಪ್ಪ. ಅವನೂ ಅಳುತ್ತಿದ್ದ. "ಈಗ ಯಾರ ಮನ್ಯಾಗ ಇದ್ದಿ? ಗಜೂ ಅಲ್ಲೇ ಅದಾನ? ಅವನ ಕೈಗೆ ಫೋನ್ ಕೊಡು, ಅವನ ದನಿ ಕೇಳಸು. ಆಮ್ಯಾಲೆ ಫೋನ್ ಇಡು. ನಿಮ್ಮವ್ವ ಒಲಿ ಆರಿಸಿ ಕುಂತಾಳ."

ಮರುದಿನ ಮಧ್ಯಾಹ್ನ ಒಂದು ಪಿಕಪ್ ಗಾಡಿಯಲ್ಲಿ ಅವರಿಬ್ಬರೂ ಮೂರು ಟ್ರಂಕಿನ ಸಮೇತ ಬಂದರು. ಗಜೂಭಾವುನ ಟೆಂಪೋ ಕೆಸರಿನಲ್ಲಿ ಸಿಕ್ಕಿತಂತೆ, ವಿಮೆ ಇತ್ತು. "ಆಜೋಬಾ, ತುಮ್ಚೀ ಪೋರಗೀ ಭಾರೀ ಜಿದ್ದೀ ಆಹೆ," ಹುಡುಗಿ ಬಲು ಹಟಮಾರಿ, ಎಂದು ದೂರು ಕೊಟ್ಟ. ಅಪ್ಪ ಅವನ ತೋಳು, ಹೆಗಲು ಮುಟ್ಟಿ ಮುಟ್ಟಿ ನೋಡಿದ, ಅಂಗಡಿಯಲ್ಲಿ ಮಡಕೆ ಬಾರಿಸಿ ನೋಡುವ ಹಾಗೆ.

ಟ್ರಂಕು ತೆರೆದಾಗ ನಯನಾ ನೆಲದ ಮೇಲೆ ಕೂತುಬಿಟ್ಟಳು. ಉಳಿದದ್ದೆಲ್ಲ ಸ್ವಂತದ ಕಾಗದ. ಕೆಲಸದವು ಭಾರವೆಂದು ಮೊದಲು ಒಳಗೆ ಹೇರಿದ್ದೆವು, ಅವೇ ಹಳ್ಳಕ್ಕೆ ಹೋಗಿದ್ದವು. ಬಾಗಿಲ ಹತ್ತಿರದ ಹಗುರ ಟ್ರಂಕುಗಳು ಬಂದಿದ್ದವು. ದೊಡ್ಡ ವಿಜ್ಞಾನಿಯ ಸಂಗ್ರಹದಲ್ಲಿ ಈಗ ಇದ್ದದ್ದು ಧೋಬಿ ಚೀಟಿ, ದವಾಖಾನೆ ಚೀಟಿ, ಹಾಲಿನ ಕಾರ್ಡು. ನನ್ನ ಅಂಕಪಟ್ಟಿಯಂತೂ ಇದ್ದೇ ಇತ್ತು. ಕೆಲಸದ ಕಡೆ ಇಡು ಎಂದು ನಾನು ಅಷ್ಟು ಹೇಳಿದರೂ ನಯನಾ ಕೇಳಿರಲಿಲ್ಲ.

"ಎಲ್ಲಾ ಹೋಯ್ತು ಸಾರ್," ಅಂದಳು.

"ಮಗುಚಿ ನೋಡು," ಅಂದ ಅಪ್ಪ.

ಬೆನ್ನಿಗೆ ಅವನ ಲೆಕ್ಕಗಳಿದ್ದವು. ಪೆನ್ಸಿಲಿನದಾದ್ದರಿಂದ ನೀರಿಗೆ ಹರಡಿರಲಿಲ್ಲ. ಎಲ್ಲವೂ ಅಲ್ಲ, ಹತ್ತರಲ್ಲೊಂದು ಪಾಲೂ ಅಲ್ಲ. ಆದರೂ ಇದ್ದವು.

ವಾರಗಟ್ಟಲೆ ನಮ್ಮ ಮನೆ ಒದ್ದೆ ಕಾಗದದ ವಾಸನೆ ಹೊಡೆಯಿತು. ಹಾಳೆಗಳ ನಡುವೆ ಹಳೆಯ ಪೇಪರು ಇಟ್ಟು, ಅದು ನೀರು ಕುಡಿದ ಮೇಲೆ ಬದಲಿಸಬೇಕು, ಎಳೆದು ಬಿಡಿಸಬಾರದು. ಆ ಕೆಲಸವನ್ನು ವಸಂತ ಯಾರಿಗೂ ಬಿಟ್ಟುಕೊಡಲಿಲ್ಲ. ಟೆಂಪೋದ ಜೋಕು ಮಾಡಿದವನು ರಾತ್ರಿ ಎದ್ದೂ ಹಾಳೆ ಬದಲಿಸುತ್ತಿದ್ದ.

ಒಂದು ದಿನ ಹಾಳೆ ಬದಲಿಸುತ್ತ ಅಪ್ಪನನ್ನು ಕೇಳಿದೆ, "ಪ್ರತಿ ಸಲಾನೂ ಇಷ್ಟು ಅಂಜಿಕಿ ಆಗ್ತಿತ್ತೇನು ನಿನಗ?"

"ಸರಕಾರ ನನಗ ಅಂಜಾಕಂತನ ಪಗಾರ ಕೊಡತಿತ್ತು," ಅಂದ. "ನಿಮ್ಮವ್ವ ಮಾತ್ರ ಬಿಟ್ಟಿ ಅಂಜಿದ್ಲು."

ಕಾಗದ ಒಣಗಿದವು. ಈ ಸಲ ರೈಲು ಎಂದಾಯಿತು. ಹೊರಡುವ ದಿನ ಮತ್ತೆ ಮೋಡ. ನಾನು ನಾಳೆ ಹೋಗಲಿ ಅಂದೆ. ವಸಂತ ಫೋನಿನಲ್ಲಿ ಹವಾಮಾನ ನೋಡಿ ನೋಡಿ, ಟಿಕೀಟು ರದ್ದು ಮಾಡಿಬಿಡೋಣ ಅಂದ. ಮಂಡ್ಯದಿಂದ ನಯನಾಳ ತಾಯಿಯೂ ಫೋನಿನಲ್ಲಿ ಇನ್ನೆರಡು ದಿನ ಇರಲಿ ಸಾರ್ ಅಂದಳು. ಅಪ್ಪ ಮಾಳಿಗೆಗೆ ಹೋಗಿ ಆಕಾಶ ನೋಡಿ ಬಂದು, "ಹೋಗಲಿ. ಇವತ್ತ ಏನೂ ಇಲ್ಲ," ಎಂದು ಕೋಟು ಹಾಕಿಕೊಂಡು ತಾನೂ ಸ್ಟೇಷನ್ನಿಗೆ ಬಂದ. ಅವನ ಧೈರ್ಯ ನೋಡಿ ನನಗೆ ಸಿಟ್ಟೇ ಬಂತು.

ಟ್ರಂಕುಗಳನ್ನು ಸೀಟಿನ ಕೆಳಗೆ ಸರಪಳಿ ಹಾಕಿ ಬಿಗಿದಾಯಿತು. ನಯನಾ ಕಿಟಕಿಯ ಹತ್ತಿರ ಕೂತಳು. ಅಪ್ಪ ಹೊರಗೆ ನಿಂತು ಕಿಟಕಿಯ ಸರಳು ಹಿಡಿದು, ನೀರಿನ ಬಾಟಲಿ, ಊಟದ ಡಬ್ಬಿ, ಚಾರ್ಜರು ಎಂದು ವಿಚಾರಿಸುತ್ತಿದ್ದ. ಗಾಡಿ ಸೀಟಿ ಹಾಕಿತು. "ಹೋಗಿ ಬಾ ತಂಗಿ," ಅಂದ.

ಗಾಡಿ ಹೊರಟಿತು. ಅಪ್ಪನೂ ಅದರ ಜೊತೆ ಹೊರಟ. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾನೆಂದು ಮೊದಲು ನಾನು ಅಂದುಕೊಂಡೆ. ಅವನ ಹೆಜ್ಜೆ ಜೋರಾಯಿತು. ಮುಖ ಮಾತ್ರ ಶಾಂತವಾಗಿತ್ತು, ಕೈ ಸರಳನ್ನು ಬಿಡಲೊಲ್ಲದು. "ಅಪ್ಪಾ, ಕೈ ಬಿಡು!" ಎಂದು ಕೂಗುತ್ತ ನಾನು ಅವನ ಕೋಟು ಹಿಡಿದು ಓಡಿದೆ. ಒಳಗಿನಿಂದ ನಯನಾ ಮುಂದೆ ಬಾಗಿ, ತನ್ನ ಎರಡೂ ಕೈಯಿಂದ, ಹಸಿ ಹಾಳೆ ಬಿಡಿಸುವಷ್ಟೇ ಮೆಲ್ಲಗೆ, ಅವನ ಬೆರಳುಗಳನ್ನು ಒಂದೊಂದಾಗಿ ಸರಳಿನಿಂದ ಬಿಡಿಸಿದಳು.